ಜೆರುಸಲೇಮ್‌ನಲ್ಲಿ ಮಣ್ಣೂ ದಾಖಲೆನೇ

ಮಾನ್ಯರೇ,

ಯಹೂದಿಗಳು ಟೆಂಪಲ್ ಮೌಂಟ್ ಅಂತ, ಮುಸ್ಲಿಮರು ಹರಮ್ ಅಲ್ ಶರೀಫ್ ಅಂತ ಕರೆಯೋ, ಇಬ್ಬರಿಗೂ ಪವಿತ್ರವಾದ ಜೆರುಸಲೇಮ್‌ನ ಜಾಗದ ಬಗ್ಗೆ ನಿಮ್ಮ ಪತ್ರಿಕೇಲಿ ಬಂದ ವರದಿ ಓದ್ದೆ, ಜಾಗ ಯಾರದ್ದು ಅನ್ನೋ ಜಗಳದಲ್ಲಿ ಅಲ್ಲಿನ ಮಣ್ಣೊಳಗಿನ ಇತಿಹಾಸ ಹಾಳಾಗ್ತಿರೋದನ್ನ ಯಾರೂ ಕೇಳ್ತಿಲ್ಲ. ಹೆರೋದ್ ರಾಜ ದೊಡ್ಡದು ಮಾಡಿದ ಯಹೂದಿ ದೇವಾಲಯ ಕ್ರಿ.ಶ. 70ರಲ್ಲಿ ರೋಮನ್ನರ ಕೈಲಿ ನಾಶ ಆಯ್ತು, 7ನೇ ಶತಮಾನದ ಕೊನೇಲಿ ಡೋಮ್ ಆಫ್ ದಿ ರಾಕ್ ಅನ್ನೋ ಮುಸ್ಲಿಮರ ಪವಿತ್ರ ಕಟ್ಟಡ ಎದ್ದಿತು, 1099ರಲ್ಲಿ ಯುರೋಪಿನ ಕ್ರೈಸ್ತ ಯೋಧರಾದ ಕ್ರುಸೇಡರುಗಳು ಬಂದು ಅದನ್ನೇ ಚರ್ಚ್ ಮಾಡ್ಕೊಂಡ್ರು, 1187ರಲ್ಲಿ ಮುಸ್ಲಿಂ ಸುಲ್ತಾನ ಸಲಾದಿನ್ ವಾಪಸ್ ಪಡೆದ. ಇಷ್ಟೂ ಒಂದೇ ಅಂಗಳದಲ್ಲಿ!

1871ರಲ್ಲಿ ಅಲ್ಲೇ ಹತ್ರ ಒಂದು ಗ್ರೀಕ್ ಶಾಸನ ಸಿಕ್ತು. ಅನ್ಯರು (ಯಹೂದಿಗಳಲ್ಲದವರು) ದೇವಾಲಯದ ಈ ತಡೆಗೋಡೆ ದಾಟಬಾರದು, ದಾಟಿ ಸಿಕ್ಕಿಬಿದ್ರೆ ತಮ್ಮ ಸಾವಿಗೆ ತಾವೇ ಹೊಣೆ ಅಂತ ಅದ್ರಲ್ಲಿದೆ. ಒಂದು ಕಲ್ಲು ಇಷ್ಟು ಹೇಳುತ್ತೆ ಅಂದ್ರೆ, 1999ರಲ್ಲಿ ಜಾಗ ನೋಡ್ಕೊಳ್ಳೋ ಮುಸ್ಲಿಂ ಸಂಸ್ಥೆ ವಕ್ಫ್ ಅಲ್ಲಿನ ಭೂಗತ ಮಸೀದಿಗೆ ಬಾಗಿಲು ಮಾಡೋಕೆ ದೊಡ್ಡ ಮೆಷಿನ್ ಹಚ್ಚಿ ಅಗೆದು ಪಕ್ಕದ ಕಿದ್ರೋನ್ ಕಣಿವೆಗೆ ಸುರಿದ ಮಣ್ಣಲ್ಲಿ ಎಷ್ಟು ಹೋಯ್ತೋ. ಆಮೇಲೆ ಜರಡಿ ಹಿಡಿದಾಗ ನಾಣ್ಯ, ಮಡಕೆ ಚೂರು ಸಿಕ್ವು ನಿಜ, ಆದ್ರೆ ಯಾವ ಪದರದ್ದು ಅನ್ನೋದು ಕಳೆದುಹೋದ್ಮೇಲೆ ಅರ್ಧ ಬೆಲೆ ಹೋದಂಗೆ. 1967ರಲ್ಲಿ ಇಸ್ರೇಲ್ ಯಹೂದಿಗಳು ಪ್ರಾರ್ಥನೆ ಮಾಡೋ ಪಶ್ಚಿಮ ಗೋಡೆ ಮುಂದಿದ್ದ, ಶತಮಾನಗಳಷ್ಟು ಹಳೇ ಮುಸ್ಲಿಮರ ಮುಗ್ರಬಿ ಕೇರಿನ ರಾತ್ರೋರಾತ್ರಿ ಕೆಡವಿದ್ದೂ ಇಂಥದೇ ನಷ್ಟ.

ಹಳೇ ಜೆರುಸಲೇಮ್ 1981ರಿಂದ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟೀಲಿದೆ. ರಿಪೇರಿ ಆಗ್ಲಿ, ಅಗೆತ ಆಗ್ಲಿ, ವಕ್ಫ್ ಮತ್ತು ಇಸ್ರೇಲ್ ಎರಡೂ ಕಡೆ ತಜ್ಞರ ಜೊತೆ ಯುನೆಸ್ಕೋದವರೂ ನಿಂತು ಪ್ರತಿ ಪದರದ ಫೋಟೋ, ನಕ್ಷೆ ಮಾಡಿ ಎಲ್ಲರಿಗೂ ಸಿಗೋ ಹಾಗೆ ಇಡಬೇಕು.

– ಓದುಗ