ಎಚ್‌ಐವಿ: ವೈರಸ್ ಬೆಳೆಯದ ಸೆಲ್‌ಗಳೇ ಜಾಸ್ತಿ ಸಾಯೋದು

ಸಂಪಾದಕರೇ, ನಮಸ್ಕಾರ.

ಮೊನ್ನೆ ನಿಮ್ಮ ಆರೋಗ್ಯ ಪುಟದಲ್ಲಿ ಎಚ್‌ಐವಿ ಬಗ್ಗೆ ಬಂದ ಲೇಖನ ಓದಿದೆ, ಹರಡೋ ರೀತಿ, ಟೆಸ್ಟು, ಮಾತ್ರೆ ಎಲ್ಲಾ ಸರಿಯಾಗೇ ಬರೆದಿದ್ರು. ನನ್ನ ತಕರಾರು ಒಂದೇ. ವೈರಸ್ಸು ಸೆಲ್ ಒಳಗೆ ಹೊಕ್ಕು, ಅಲ್ಲಿ ಸಂಖ್ಯೆ ಹೆಚ್ಚಿಸ್ಕೊಂಡು, ಅದನ್ನ ಮುಗಿಸಿ ಮುಂದಿನದಕ್ಕೆ ಹೋಗುತ್ತೆ, ಹಿಂಗೇ ವರ್ಷಗಟ್ಟಲೆ ನಿಧಾನಕ್ಕೆ ಇಮ್ಯುನಿಟಿ ಕರಗುತ್ತೆ ಅನ್ನೋ ಥರ ಎರಡು ಸಾಲಲ್ಲಿ ಮುಗಿಸಿಬಿಟ್ಟಿದಾರೆ. ನಾನು ಲ್ಯಾಬಲ್ಲಿ ಸಿಡಿ4 ಕೌಂಟ್, ಅಂದ್ರೆ ರಕ್ತದಲ್ಲಿ ಸಿಡಿ4 ಅನ್ನೋ ರೋಗನಿರೋಧಕ ಸೆಲ್ ಎಷ್ಟಿವೆ ಅನ್ನೋ ಲೆಕ್ಕ ತೆಗೆಯೋ ಕೆಲಸದಲ್ಲಿರೋನು, ಈ ಚಿತ್ರ ತಲೇಲಿ ಇರೋದ್ರಿಂದಾನೇ "ಕೌಂಟ್ ಇನ್ನೂ ಚೆನ್ನಾಗಿದೆಯಲ್ಲ, ಮಾತ್ರೆಗೆ ಏನವಸರ" ಅಂತ ಕೇಳೋರು ಬೇಕಾದಷ್ಟು ಜನ ಸಿಗ್ತಾರೆ, ಅದಕ್ಕೆ ಬರೀತಿದೀನಿ.

ಎಚ್‌ಐವಿ ಹಿಡಿಯೋದು ಮುಖ್ಯವಾಗಿ ಸಿಡಿ4 ಟಿ-ಸೆಲ್‌ಗಳನ್ನ, ಇವು ಉಳಿದ ರೋಗನಿರೋಧಕ ಸೆಲ್‌ಗಳಿಗೆಲ್ಲ ಯಾರು ಏನು ಮಾಡ್ಬೇಕು ಅಂತ ಹೇಳಿ ಕೆಲಸ ಮಾಡಿಸೋವು. ವೈರಸ್ಸು ಒಳಗೆ ಹೋಗಿ ತನ್ನ ಆರ್‌ಎನ್‌ಎಯನ್ನ ಡಿಎನ್‌ಎ ಮಾಡ್ಕೊಂಡು ಸೆಲ್‌ನ ಡಿಎನ್‌ಎಗೇ ಸೇರಿಸಿಬಿಟ್ರೆ ಆ ಸೆಲ್ಲು ಹೊಸ ವೈರಸ್ ತಯಾರು ಮಾಡೋಕೆ ಶುರು ಮಾಡುತ್ತೆ, ಆಮೇಲೆ ಅದು ಉಳಿಯೋದು ಹೆಚ್ಚುಕಮ್ಮಿ ಎರಡು ದಿನ ಅಷ್ಟೆ. ಕೆಲವನ್ನ ವೈರಸ್‌ನ ಪ್ರೋಟೀನ್‌ಗಳೇ ಸಾಯಿಸ್ತವೆ, ಕೆಲವನ್ನ ನಮ್ಮದೇ ಸಿಡಿ8 ಸೆಲ್‌ಗಳು ಗುರುತು ಹಿಡಿದು ಕೊಲ್ತವೆ. 1995ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಡೇವಿಡ್ ಹೋ ತಂಡ ಮತ್ತೆ ಜಾರ್ಜ್ ಶಾ ತಂಡ ಬೇರೆ ಬೇರೆಯಾಗಿ ರೋಗಿಗಳಿಗೆ ಔಷಧಿ ಕೊಟ್ಟು ರಕ್ತದಲ್ಲಿ ವೈರಸ್ ಎಷ್ಟು ಬೇಗ ಇಳಿಯುತ್ತೆ ಅಂತ ಅಳೆದಾಗ ಗೊತ್ತಾಗಿದ್ದು ಈ ಎರಡು ದಿನದ ಲೆಕ್ಕ, ಅಲ್ಲೀವರೆಗೂ ಲಕ್ಷಣ ಇಲ್ಲದ ವರ್ಷಗಳಲ್ಲಿ ವೈರಸ್ ಸುಮ್ನೆ ಮಲಗಿರುತ್ತೆ ಅಂತಾನೇ ಬಹಳ ಜನ ಅಂದ್ಕೊಂಡಿದ್ರು. ಮುಂದಿನ ವರ್ಷ ಬಂದ ಲೆಕ್ಕ ನೋಡಿದ್ರೆ ಔಷಧಿ ತಗೊಳ್ಳದ ಒಬ್ಬರ ಮೈಯಲ್ಲಿ ದಿನಕ್ಕೆ ಸುಮಾರು 1,000 ಕೋಟಿ ವೈರಸ್ ಹುಟ್ತವೆ. ಮಲಗಿರೋದಂತೆ!

ಇಷ್ಟಾದ್ರೂ ಲೆಕ್ಕ ತಾಳೆ ಆಗ್ತಿರಲಿಲ್ಲ. ಯಾಕಂದ್ರೆ ರಕ್ತ ತೆಗೆದು ಹುಡುಕಿದ್ರೆ ನೂರು ಸಿಡಿ4 ಸೆಲ್‌ಗಳಲ್ಲಿ ಒಂದರಲ್ಲೂ ವೈರಸ್ ತಯಾರಿ ನಡೀತಿರಲ್ಲ, ಹಂಗಿದ್ಮೇಲೆ ಕಮ್ಮಿಯಾದ ಅಷ್ಟೊಂದು ಸಿಡಿ4 ಸೆಲ್‌ಗಳು ಹೋಗಿದ್ದೆಲ್ಲಿಗೆ? ಸ್ಯಾನ್ ಫ್ರಾನ್ಸಿಸ್ಕೋದ ಗ್ಲಾಡ್‌ಸ್ಟೋನ್ ಸಂಸ್ಥೆಯ ವಾರ್ನರ್ ಗ್ರೀನ್, ಗಿಲಾದ್ ದೋಯಿತ್ಶ್ ಮತ್ತೆ ಅವರ ಜೊತೆಯವರು ಆಪರೇಷನ್ ಮಾಡಿ ತೆಗೆದ ಟಾನ್ಸಿಲ್ ತುಂಡುಗಳಿಗೆ ಎಚ್‌ಐವಿ ಹಾಕಿ ನೋಡಿದ್ರು, 2010ರಲ್ಲೂ ಆಮೇಲೆ 2014ರಲ್ಲೂ ಬಂದ ಅವರ ಕೆಲಸ ಓದಿದ್ರೆ ಬೆರಗಾಗುತ್ತೆ. ಅಲ್ಲಿ ಸತ್ತ ಸೆಲ್‌ಗಳಲ್ಲಿ 95 ಪರ್ಸೆಂಟಿಗಿಂತ ಜಾಸ್ತಿ, ವೈರಸ್ ಒಳಗೆ ಬಂದೂ ಬೆಳೆಯೋಕೆ ಆಗದೇ ಇದ್ದ ಸೆಲ್‌ಗಳು!

ಆಗೋದು ಏನಂದ್ರೆ, ಈ ಸೆಲ್‌ಗಳು ಕೆಲಸ ಇಲ್ಲದೆ ಸುಮ್ನಿರೋ ಸ್ಥಿತೀಲಿರ್ತವೆ, ಡಿಎನ್‌ಎ ಕಟ್ಟೋಕೆ ಬೇಕಾದ ಕಚ್ಚಾ ಸಾಮಾನು ಅವುಗಳ ಒಳಗೆ ತೀರಾ ಕಮ್ಮಿ, ಹಂಗಾಗಿ ವೈರಸ್ಸು ಡಿಎನ್‌ಎ ಮಾಡ್ಕೊಳ್ಳೋಕೆ ಶುರು ಮಾಡಿ ಅರ್ಧಕ್ಕೇ ನಿಂತುಹೋಗುತ್ತೆ, ಆ ಅರೆಬರೆ ತುಂಡುಗಳು ಸೆಲ್ ಒಳಗೇ ಬಿದ್ದಿರ್ತವೆ. ಐಎಫ್‌ಐ16 ಅನ್ನೋ ಪ್ರೋಟೀನು ಅದನ್ನ ಕಂಡುಹಿಡಿದು ಎಚ್ಚರಿಕೆ ಕೊಡುತ್ತೆ, ಕ್ಯಾಸ್ಪೇಸ್-1 ಅನ್ನೋ ಎಂಜೈಮ್ ಚಾಲೂ ಆಗುತ್ತೆ, ಸೆಲ್‌ನ ಪೊರೇಲಿ ತೂತು ಬಿದ್ದು ಅದು ಊದಿ ಒಡೆದುಹೋಗುತ್ತೆ. ಇಲಿಗೆ ಹೆದರಿ ಮನೆಗೇ ಬೆಂಕಿ ಇಟ್ಟಂಗೆ, ಅದೂ ಇಲಿ ಆಗಲೇ ಬೋನಿಗೆ ಬಿದ್ದ ಮೇಲೆ. ಈ ಸಾವಿಗೆ ಪೈರಾಪ್ಟೋಸಿಸ್ ಅಂತಾರೆ. ಸೆಲ್ ಸದ್ದಿಲ್ಲದೆ ಮುದುಡಿ ಸಾಯೋ ಇನ್ನೊಂದು ಥರ ಇದೆ, ಅಪಾಪ್ಟೋಸಿಸ್ ಅಂತ, ಅದರಲ್ಲಿ ಅಕ್ಕಪಕ್ಕಕ್ಕೆ ಅಷ್ಟು ತೊಂದ್ರೆ ಇಲ್ಲ. ಇದರಲ್ಲಿ ಹಂಗಲ್ಲ, ಒಡೆದ ಸೆಲ್ಲಿಂದ ಐಎಲ್-1 ಬೀಟಾ ಅನ್ನೋ ಉರಿಯೂತದ ರಾಸಾಯನಿಕ ಹೊರಗೆ ಚೆಲ್ಲುತ್ತೆ, ಅದರ ಕರೆಗೆ ಹೊಸ ಸಿಡಿ4 ಸೆಲ್‌ಗಳು ಅಲ್ಲಿಗೇ ಬರ್ತವೆ, ಬಂದವಕ್ಕೂ ಅದೇ ಗತಿ. ವೈರಸ್ಸು ಒಂದು ಸೆಲ್ಲಿಂದ ಇನ್ನೊಂದಕ್ಕೆ ನೇರವಾಗಿ ದಾಟಿದಾಗಲೇ ಹಿಂಗಾಗೋದು ಅಂತ ಆಮೇಲೆ ತೋರಿಸಿದ್ರು, ಆದ್ದರಿಂದ ಸೆಲ್‌ಗಳು ಒತ್ತೊತ್ತಾಗಿರೋ ದುಗ್ಧಗ್ರಂಥಿಗಳಲ್ಲೇ (ಲಿಂಫ್ ನೋಡ್) ನಾಶ ಜಾಸ್ತಿ. ಆ 95 ಅನ್ನೋದು ಲ್ಯಾಬಲ್ಲಿಟ್ಟ ಟಿಶ್ಯೂ ಲೆಕ್ಕ, ಮೈಯೊಳಗೂ ಎಲ್ಲಾ ಕಡೆ ಅಷ್ಟೇ ಅಂತ ಆಣೆ ಇಟ್ಟು ಹೇಳೋಕಾಗಲ್ಲ, ಆದ್ರೂ ಲೇಖನದಲ್ಲಿದ್ದ ಚಿತ್ರಕ್ಕಿಂತ ಇದು ಎಷ್ಟೋ ನಿಜಕ್ಕೆ ಹತ್ತಿರ.

ಈಗ ಕೌಂಟ್ ವಿಷ್ಯಕ್ಕೆ ಬರ್ತೀನಿ. ನಮ್ಮ ಮೆಷಿನ್ನು ಎಣಿಸೋದು ಒಂದು ಹನಿಯಷ್ಟೂ ಇಲ್ಲದ ರಕ್ತದಲ್ಲಿರೋ ಸೆಲ್‌ಗಳನ್ನ, ಆದ್ರೆ ಮೈಯಲ್ಲಿರೋ ಲಿಂಫೋಸೈಟ್‌ಗಳಲ್ಲಿ (ಸಿಡಿ4 ಕೂಡ ಸೇರಿರೋ ಬಿಳಿ ರಕ್ತಕಣಗಳ ಗುಂಪು) ಒಂದು ಹೊತ್ತಿಗೆ ರಕ್ತದಲ್ಲಿ ಓಡಾಡ್ತಿರೋದು ಸುಮಾರು 2 ಪರ್ಸೆಂಟ್ ಅಷ್ಟೆ, ಉಳಿದವೆಲ್ಲ ಗ್ರಂಥಿ, ಕರುಳು, ಗುಲ್ಮ ಇಂಥ ಕಡೆ. ಸೋಂಕು ತಗುಲಿದ ಮೊದಲ ಕೆಲವೇ ವಾರಗಳಲ್ಲಿ ಕರುಳಿನ ಗೋಡೇಲಿರೋ ಸಿಡಿ4 ಸೆಲ್‌ಗಳು ಬಹುಪಾಲು ಹೊರಟುಹೋಗಿರ್ತವೆ, ಆ ಟೈಮಲ್ಲಿ ರಿಪೋರ್ಟಲ್ಲಿ 600, ಅಂದ್ರೆ ನಾರ್ಮಲ್ ಅಂತ ಬಂದ್ರೂ ಬರಬಹುದು. ಕರುಳಿನ ಕಾವಲು ಹೋದ್ಮೇಲೆ ಅಲ್ಲಿನ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಸೋರ್ತವೆ, ಇಮ್ಯೂನ್ ಸಿಸ್ಟಮ್ಮು ಹಗಲೂ ರಾತ್ರಿ ಎಚ್ಚರದಲ್ಲೇ ಇದ್ದು ಸವೆಯುತ್ತೆ, ಹಂಗೆ ಎಚ್ಚೆತ್ತ ಸೆಲ್‌ಗಳಲ್ಲೇ ವೈರಸ್ ಚೆನ್ನಾಗಿ ಬೆಳೆಯೋದು. ಆಫ್ರಿಕಾದ ಸೂಟಿ ಮ್ಯಾಂಗಬಿ ಕೋತಿಗಳ ರಕ್ತದಲ್ಲಿ ಎಚ್‌ಐವಿಯ ದಾಯಾದಿ ಎಸ್‌ಐವಿ ತುಂಬಿ ತುಳುಕ್ತಿದ್ರೂ ಅವಕ್ಕೆ ಸಾಮಾನ್ಯವಾಗಿ ಏಡ್ಸ್ ಬರಲ್ಲ, ಅವುಗಳ ಮೈ ಮೊದಲಿಗೆ ಒಂದು ಸಲ ಕೆರಳಿ ಆಮೇಲೆ ತಣ್ಣಗಾಗುತ್ತೆ. ನಮ್ಮ ಮೈಗೆ ಆ ಬುದ್ಧಿ ಇಲ್ಲ.

ಕಾಯೋದ್ರಿಂದ ಏನಾಗುತ್ತೆ ಅನ್ನೋದಕ್ಕೆ ಸ್ಟಾರ್ಟ್ ಅನ್ನೋ ದೊಡ್ಡ ಟ್ರಯಲ್ಲೇ ಇದೆ, 35 ದೇಶಗಳ 4,600ಕ್ಕೂ ಹೆಚ್ಚು ಜನ, ಸೇರೋವಾಗ ಎಲ್ಲರ ಕೌಂಟೂ 500ರ ಮೇಲೆ. ಅರ್ಧ ಜನಕ್ಕೆ ಆಗಲೇ ಮಾತ್ರೆ ಶುರು ಮಾಡಿದ್ರು, ಉಳಿದವರಿಗೆ 350ಕ್ಕೆ ಇಳಿಯೋವರೆಗೂ ಅಥವಾ ಏಡ್ಸ್ ಲಕ್ಷಣ ಕಾಣೋವರೆಗೂ ಕಾಯೋಕೆ ಹೇಳಿದ್ರು. ಮೊದಲೇ ಶುರು ಮಾಡಿದವರಲ್ಲಿ ಗಂಭೀರ ಕಾಯಿಲೆ, ಸಾವು 57 ಪರ್ಸೆಂಟ್ ಕಮ್ಮಿ. 2015ರಲ್ಲಿ ಈ ಫಲಿತಾಂಶ ಬಂತು, ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆನೂ ಕೌಂಟ್ ಎಷ್ಟೇ ಇರಲಿ ಎಲ್ಲರಿಗೂ ಮಾತ್ರೆ ಕೊಡಿ ಅಂತು. ತಡ ಮಾಡಿದವರಿಗೆ ಇನ್ನೊಂದು ಕಷ್ಟ ಇದೆ, ಉರಿಯೂತ ಆಗಿ ಆಗಿ ದುಗ್ಧಗ್ರಂಥಿ ಒಳಗೆ ಗಾಯದ ಕಲೆ ಥರ ಗಟ್ಟಿಯಾಗಿಬಿಡುತ್ತೆ, ಆಮೇಲೆ ವೈರಸ್ ಪೂರ್ತಿ ಹಿಡಿತಕ್ಕೆ ಬಂದ್ರೂ ಹೊಸ ಸೆಲ್‌ಗಳಿಗೆ ಅಲ್ಲಿ ನೆಲೆ ಸಿಗೋದು ಕಷ್ಟ, ಕೌಂಟ್ 300, 350 ಅಂತ ಅಲ್ಲೇ ನಿಂತ್ಕೊಳ್ಳುತ್ತೆ, ಅಂಥ ರಿಪೋರ್ಟ್‌ಗಳನ್ನ ನಾವು ನೋಡ್ತಾನೇ ಇರ್ತೀವಿ.

ಲೇಖನದ ಜೊತೆ ಒಂದು ಬಾಕ್ಸಲ್ಲಿ 500ರಿಂದ 1,500 ನಾರ್ಮಲ್, 200ರ ಕೆಳಗೆ ಏಡ್ಸ್ ಅಂತ ಹಾಕಿದೀರಿ. ನಂಬರ್ ತಪ್ಪಿಲ್ಲ, ಆದ್ರೆ ಎಚ್‌ಐವಿ ಇರೋರು ಅದನ್ನ ನೋಡಿ "ನಾನು ನಾರ್ಮಲ್" ಅಂದ್ಕೊಂಡು ಪೇಪರ್ ಮಡಚಿಡ್ತಾರೆ. ಮುಂದಿನ ಸಲ ಆ ಬಾಕ್ಸ್ ಹಾಕೋವಾಗ ಕೆಳಗೆ ಒಂದು ಸಾಲು ಸೇರಿಸಿ, ಪಾಸಿಟಿವ್ ಬಂದವರು ಕೌಂಟ್ ಎಷ್ಟೇ ಇರಲಿ ಆದಷ್ಟು ಬೇಗ ಮಾತ್ರೆ ಶುರು ಮಾಡ್ಬೇಕು, ಮೆದುಳಿನ ಪೊರೆಗೆ ಟಿಬಿ ಅಥವಾ ಕ್ರಿಪ್ಟೋಕಾಕಸ್ ಅನ್ನೋ ಶಿಲೀಂಧ್ರದ ಸೋಂಕು ಆಗಿದ್ದು ಡಾಕ್ಟರೇ ಸ್ವಲ್ಪ ದಿನ ತಡೀರಿ ಅಂದಿದ್ರೆ ಮಾತ್ರ ಕಾಯೋದು ಅಂತ.

ಇಂತಿ,
ನಿಮ್ಮ ಓದುಗ, ಒಬ್ಬ ಲ್ಯಾಬ್ ಟೆಕ್ನಿಷಿಯನ್