ಬೆರಳು ಆಡಿದರೆ ಮೂಳೆ ಮುರಿದಿಲ್ಲ ಎಂದಲ್ಲ

ಮಾನ್ಯರೇ,

ಮಳೆಗಾಲದಲ್ಲಿ ತೋಟದ ಇಳಿಜಾರಿನಲ್ಲಿ ಜಾರಿ, ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು, ಬೇಸಿಗೆಯಲ್ಲಿ ಹಾಕಿ ಮೈದಾನದಲ್ಲಿ ಕಾಲು ಹೊರಳಿ ಪೆಟ್ಟಾಗುವುದು ಕೊಡಗಿನಲ್ಲಿ ಮಾಮೂಲು. ಸುತ್ತ ನಿಂತವರ ಮೊದಲ ಮಾತು: “ಬೆರಳು ಆಡಿಸು ನೋಡೋಣ. ಆಡುತ್ತಲ್ಲ, ಬರೀ ಉಳುಕು.” ಈ ನಂಬಿಕೆ ಅಪಾಯಕಾರಿ. ಕಾಲ್ಬೆರಳನ್ನು ಎಳೆಯುವ ಮುಖ್ಯ ಸ್ನಾಯುಗಳಿರುವುದು ಮೊಣಕಾಲಿನ ಕೆಳಗೆ. ಪಾದದ ಗಂಟಿನ ಮೂಳೆ ಸೀಳಿದ್ದರೂ ಬೆರಳು ಆಡುತ್ತದೆ. ಊತ ನೋಡಿಯೂ ತೀರ್ಮಾನಿಸಲಾಗದು. ಮೂಳೆಗೆ ಮೂಳೆ ಬಿಗಿಯುವ ನಾರಿನ ಪಟ್ಟಿ (ಲಿಗಮೆಂಟ್) ಹರಿದಾಗ ಮುರಿತಕ್ಕಿಂತ ಹೆಚ್ಚು ಬಾತುಕೊಳ್ಳುವುದುಂಟು.

ನೋವು ಮೂಳೆಯ ಮೇಲಿದೆಯೇ, ಪಕ್ಕದ ಮೆತ್ತನೆ ಜಾಗದಲ್ಲಿದೆಯೇ ಎಂದು ನೋಡಬೇಕು. ಪಾದ ಒಳಕ್ಕೆ ಹೊರಳಿ ಉಳುಕಿದರೆ ಸಾಮಾನ್ಯವಾಗಿ ಹೊರಬದಿಯ ಉಬ್ಬು ಮೂಳೆಯ ಮುಂದೆ, ತುಸು ಕೆಳಗೆ ನೋಯುತ್ತದೆ. ಗಂಟಿನ ಎರಡೂ ಬದಿಯ ಉಬ್ಬು ಮೂಳೆಗಳ ತುದಿಯನ್ನೂ, ಹಿಂಬದಿಯ ಅಂಚನ್ನು ಮೇಲಕ್ಕೆ 6 ಸೆಂ.ಮೀ.ವರೆಗೂ ಒಂದೇ ಬೆರಳಿನಿಂದ ಒತ್ತಿ ನೋಡಿ. ಪಾದದ ಹೊರ ಅಂಚಿನ ನಡುವೆ ಕೈಗೆ ಸಿಗುವ ಮೂಳೆಯ ಗುಬುಟನ್ನೂ ಒಳಬದಿಯಲ್ಲಿ ಗಂಟಿನ ಮುಂದಿರುವ ಮೂಳೆಯನ್ನೂ ಬಿಡಬೇಡಿ. ಇವುಗಳಲ್ಲಿ ಎಲ್ಲೇ ಒತ್ತಿದಾಗ ನೋವಾದರೂ ಎಕ್ಸ್‌ರೇ ಬೇಕು. ಪೆಟ್ಟಾದ ಕೂಡಲೇ ಮತ್ತು ಆಸ್ಪತ್ರೆಯಲ್ಲೂ, ಕುಂಟುತ್ತಲಾದರೂ 4 ಹೆಜ್ಜೆ ಇಡಲಾಗದಿದ್ದರೂ ಬೇಕು. ಕೆನಡಾದ ಒಟ್ಟಾವಾ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮವಿದು. ಕುಡಿದವರಿಗೆ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ನೋವು ಸರಿಯಾಗಿ ತಿಳಿಯದ ಕಾರಣ ಅವರ ಮಟ್ಟಿಗೆ ಇದನ್ನು ನಂಬುವಂತಿಲ್ಲ. ಬೆಳೆಯುವ ಮಕ್ಕಳಲ್ಲಿ ಲಿಗಮೆಂಟಿಗಿಂತ ಮೂಳೆ ಬೆಳೆಯುವ ತುದಿಯೇ ದುರ್ಬಲ. ಅವರ ‘ಉಳುಕ’ನ್ನು ವೈದ್ಯರಿಗೇ ತೋರಿಸಿ. ಕಾಲು ಸೊಟ್ಟಗಾಗಿದ್ದರೆ, ಗಾಯದಲ್ಲಿ ಮೂಳೆ ಕಂಡರೆ ಒತ್ತುವ ಗೋಜಿಗೇ ಹೋಗಬೇಡಿ.

ಕೈಯೂರಿ ಬಿದ್ದವರು ಹೆಬ್ಬೆರಳನ್ನು ಮೇಲಕ್ಕೆತ್ತಿದಾಗ ಅದರ ಬುಡದಲ್ಲಿ, ಮಣಿಕಟ್ಟಿನ ಬಳಿ ಒಂದು ಗುಳಿ ಮೂಡುತ್ತದೆ. ಅಲ್ಲಿ ಒತ್ತಿದಾಗ ನೋಯುತ್ತಿದ್ದರೆ ಮೊದಲ ಎಕ್ಸ್‌ರೇ ಸರಿಯಿದ್ದರೂ ಸಮಾಧಾನ ಬೇಡ. ಗುಳಿಯ ತಳದಲ್ಲಿರುವ ಪುಟ್ಟ ಮೂಳೆಯ ಬಿರುಕು ಕೆಲವೊಮ್ಮೆ 10–14 ದಿನಗಳ ಬಳಿಕವೇ ಕಾಣುವುದು. ಅದಕ್ಕೆ ರಕ್ತ ಬರುವ ದಾರಿ ಕಿರಿದು. ಅಲಕ್ಷಿಸಿದರೆ ಮೂಳೆ ಕೂಡದೆ ಉಳಿಯಬಹುದು.

ನಮ್ಮ ಮುಖ್ಯ ಕಳಕಳಿ ಎಣ್ಣೆ ಹಚ್ಚಿ ನೀವುವುದರ ಬಗ್ಗೆ. ಹೊಸ ಪೆಟ್ಟನ್ನು ನೀವಿದರೆ ಒಳಗಿನ ರಕ್ತಸ್ರಾವ ಹೆಚ್ಚಿ, ಬಿರುಕು ಬಿಟ್ಟ ಮೂಳೆ ಸರಿದುಹೋಗಬಹುದು. ಮೊಣಕೈಯಲ್ಲಂತೂ ಸ್ನಾಯುವಿನೊಳಗೇ ಮೂಳೆ ಬೆಳೆದು ಕೈ ಮಡಚಲಾಗದಂತೆ ಆದೀತು. ಬಿದಿರಿನ ದಬ್ಬೆ ಬಿಗಿದು ಕಟ್ಟಿದ ಮೇಲೆ ಊತ ಏರಿದರೆ ರಕ್ತ ಸಂಚಾರವೇ ನಿಲ್ಲಬಹುದು. ಉಗುರನ್ನು ಒತ್ತಿ ಬಿಟ್ಟಾಗ 2 ಸೆಕೆಂಡಿನಲ್ಲಿ ಕೆಂಪು ಮರಳದಿದ್ದರೆ, ಬೆರಳು ಮರಗಟ್ಟಿದರೆ, ನೋವು ಏರುತ್ತಲೇ ಹೋದರೆ ಕಟ್ಟು ತಕ್ಷಣ ಸಡಿಲಿಸಿ ಆಸ್ಪತ್ರೆಗೆ ಹೊರಡಿ.

ಅಲ್ಲಿಯವರೆಗೆ ಉಂಗುರ, ಗೆಜ್ಜೆ ಬಿಚ್ಚಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು 15–20 ನಿಮಿಷ ಇಟ್ಟು, ಕಾಲನ್ನು ದಿಂಬಿನ ಮೇಲೆತ್ತಿಡಿ. ಜೀಪು ಹತ್ತಿಸುವ ಮುನ್ನ ಮುರಿತದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲುಗದಂತೆ ಮೆತ್ತೆಯಿಟ್ಟು ದಬ್ಬೆ ಕಟ್ಟಬೇಕು. ಕಾರ್ಮಿಕರ ಲೈನ್‌ಮನೆಗಳಿರುವ ಪ್ರತಿ ತೋಟದಲ್ಲೂ ಒಂದೆರಡು ಕ್ರೇಪ್ ಬ್ಯಾಂಡೇಜ್, ದಬ್ಬೆ ಕೈಗೆಟುಕುವಂತೆ ಇರಲೆಂದು ಮಾಲೀಕರಲ್ಲಿ ನಮ್ಮ ವಿನಂತಿ.

— ಪ್ರಥಮ ಚಿಕಿತ್ಸಾ ತರಬೇತುದಾರರು, ಸೋಮವಾರಪೇಟೆ