ರೇಷ್ಮೆ ತರಬೇತಿ: ಮೊದಲು ನಮ್ಮನ್ನು ಕೇಳಿ

ಮಾನ್ಯ ಸಂಪಾದಕರೇ,

ನಮ್ಮ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ರೇಷ್ಮೆ ಬೆಳೆಯುವವರಿಗೆ ಈಚೆಗೆ ಹುಳು ರೋಗಗಳ ಬಗ್ಗೆ ಒಂದು ದಿನದ ತರಬೇತಿ ನಡೆಯಿತು. ಊಟ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಹಾಲು ರೋಗ, ಸಪ್ಪೆ ರೋಗ, ಸುಣ್ಣಕಟ್ಟು, ಗಂಟು ರೋಗ, ಜೊತೆಗೆ ಹುಳುವಿಗೆ ಕಾಟ ಕೊಡುವ ಊಜಿ ನೊಣ, ಎಲ್ಲವನ್ನೂ ಬೆಳಿಗ್ಗೆಯಿಂದ ಸಂಜೆವರೆಗೆ ಪರದೆ ಮೇಲೆ ತೋರಿಸಿದರು. ಒಂದೊಂದಕ್ಕೂ ಇಂಗ್ಲಿಷ್ ಹೆಸರು, ರೋಗಾಣುವಿನ ಹೆಸರು ಬೇರೆ. ಕೊನೆಗೆ ‘ಅರ್ಥ ಆಯ್ತಾ?’ ಎಂದರು. ಎಲ್ಲರೂ ಹೂಂ ಎಂದೆವು. ಪ್ರಮಾಣಪತ್ರ ಹಿಡಿದು ಫೋಟೊ ತೆಗೆಸಿಕೊಂಡೆವು.

ನನ್ನ ಪಕ್ಕ ಕೂತಿದ್ದ ಹಿರಿಯಾಕೆ ದೂರದಿಂದ ನೋಡಿಯೇ ಹುಳು ಜ್ವರಕ್ಕೆ ಕೂತಿದೆಯೋ ಎದ್ದಿದೆಯೋ ಹೇಳುತ್ತಾರೆ. ಹುಳು ಮೇಯುವುದು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ದೊಡ್ಡವರಿಗೆ ಕಲಿಸುವಾಗ ಅವರ ಅನುಭವವನ್ನೇ ಹಿಡಿದು ಕಲಿಸಬೇಕು ಎಂದು ಅಮೆರಿಕದ ಮಾಲ್ಕಮ್ ನೋಲ್ಸ್ ಬಹಳ ಹಿಂದೆಯೇ ಬರೆದಿದ್ದಾರಂತೆ. ಬಿ.ಎಡ್. ಓದುತ್ತಿರುವ ನನ್ನ ಮಗಳು ಹೇಳಿದ್ದು.

ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರ ವಿಷಯವನ್ನೂ ಅವಳೇ ಓದಿ ಹೇಳಿದಳು. ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆತುಹೋಗುತ್ತದೆ ಎಂದು ತಮ್ಮ ಮೇಲೆಯೇ ಪರೀಕ್ಷೆ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದರು. ಒಂದೇ ಗಂಟೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ನಮಗೆ ಆ ರೋಗಾಣುಗಳ ಹೆಸರೂ ಅಂಥ ಅಕ್ಷರಗಳೇ ಅಲ್ವಾ?

ಇನ್ನೊಂದು ಪ್ರಯೋಗ ನನಗೆ ಬಹಳ ಹಿಡಿಸಿತು. 2006ರಲ್ಲಿ ರೋಡಿಗರ್, ಕಾರ್ಪಿಕಿ ಎಂಬಿಬ್ಬರು ಅಮೆರಿಕದ ವಿದ್ಯಾರ್ಥಿಗಳಿಗೆ ಒಂದು ಪಾಠ ಓದಲು ಕೊಟ್ಟರು. ಆಮೇಲೆ ಕೆಲವರು ಅದನ್ನೇ ಮತ್ತೆ ಓದಿದರು. ಕೆಲವರು ಪಾಠ ನೋಡದೆ ನೆನಪಾದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದು. ವಾರ ಬಿಟ್ಟು ಕೇಳಿದಾಗ ನೆನಪು ಮಾಡಿಕೊಂಡು ಬರೆದವರು ಮುಂದು. ಆದ್ದರಿಂದ, ತರಬೇತಿ ಕೊಡುವವರೇ, ಸಂಜೆ ನಾವು ಹೇಳುವ ಹೂಂ ನಂಬಬೇಡಿ.

ಹಾಗಂತ ನಮ್ಮನ್ನು ಸಾಲಾಗಿ ಕೂರಿಸಿ ಪರೀಕ್ಷೆ ಬರೆಸಿದರೆ ಅರ್ಧ ಜನ ಮುಂದಿನ ಸಲ ಬರುವುದೇ ಇಲ್ಲ. ಯಾರದಾದರೂ ಹುಳುಮನೆಯ ಜಗುಲಿಯಲ್ಲಿ ಸೇರಿಸಿ. ಒಳಗೆ ಬೇಡ, ರೋಗ ಹರಡುತ್ತದೆ. ಮೈ ಊದಿದ, ಕಾಲು ಮುರಿದರೆ ಹಾಲಿನಂಥ ನೀರು ಬರುವ ಹುಳುವನ್ನು ಬಾಟಲಿಯಲ್ಲಿ ತಂದು ತೋರಿಸಿ. ‘ಇದು ಯಾವ ರೋಗ, ಈಗ ಏನು ಮಾಡ್ತೀರಿ?’ ಎಂದು ಕೇಳಿ. ನಾವು ಜಗಳವಾಡಿದ ಮೇಲೆ ನೀವು ಹೇಳಿ.

ಎಲ್ಲವನ್ನೂ ಒಂದೇ ದಿನ ತುಂಬುವುದೂ ಬೇಡ. ಚಾಕಿ ಹುಳು, ಅಂದರೆ ಕೇಂದ್ರದಲ್ಲಿ ಸಾಕಿ ಕೊಡುವ ಎಳೆ ಹುಳು, ಮನೆಗೆ ಬರುವ ಮುಂಚೆ ಹುಳುಮನೆ ತೊಳೆಯುವುದರ ಬಗ್ಗೆ ಒಂದು ಗಂಟೆ ಸಾಕು. ಜ್ವರ ಎದ್ದ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕುವ ಮುಂಚೆ ರೋಗ ತಡೆಯುವ ಪುಡಿ ಉದುರಿಸುವುದನ್ನು ಆ ಹೊತ್ತಿಗೇ ಹೇಳಿಕೊಡಿ. ಪ್ರತಿ ಸಲವೂ ಹಿಂದಿನದನ್ನು ನಮ್ಮ ಬಾಯಲ್ಲೇ ಹೇಳಿಸಿ. ಎಲ್ಲರ ಬೆಳೆಯೂ ಒಂದೇ ದಿನ ಇರುವುದಿಲ್ಲ, ನಿಜ. ಒಂದೇ ಚಾಕಿ ಕೇಂದ್ರದಿಂದ ಒಂದೇ ದಿನ ಹುಳು ತಂದವರನ್ನು ಒಂದು ಗುಂಪು ಮಾಡಿದರೆ ಆಯಿತು. ನಾಲ್ಕನೇ ಜ್ವರ ಎದ್ದ ಮೇಲಿನ ವಾರ ಮಾತ್ರ ಯಾರನ್ನೂ ಕರೆಯಬೇಡಿ. ಆಗ ಸೊಪ್ಪು ಕುಯ್ಯುವುದಕ್ಕೇ ಹೊತ್ತು ಸಾಲುವುದಿಲ್ಲ.

– ರೇಷ್ಮೆ ಬೆಳೆಗಾರ್ತಿ, ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ